ಗಂಜ್‌ನ ಪಟ್ಟಿ ಮಗನ ಮೇಲ್‌ಗೆ

ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ) ಲೆಕ್ಕ ನೋಡಿಕೊಳ್ಳುತ್ತೇನೆ. ತೊಗರಿ ಬರಲು ಶುರುವಾದರೆ ಸಂಜೆ ಹೊತ್ತಿಗೆ ಪಟ್ಟಿಗಳ, ಅಂದರೆ ಮಾರಾಟದ ಲೆಕ್ಕದ ಚೀಟಿಗಳ ರಾಶಿ. ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಲ್‌ಗೆ ದರ ಎಷ್ಟು, ಹಮಾಲಿ ಕಳೆದು ಕೈಗೆ ಬಂದದ್ದು ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ. ಮಾಲು ತರುವುದು ಅಪ್ಪ. ಲೆಕ್ಕ ಕೇಳುವ ಮಗ ಹೈದರಾಬಾದ್‌ನಲ್ಲೋ ಪುಣೆಯಲ್ಲೋ ಕೆಲಸದಲ್ಲಿರುತ್ತಾನೆ. ಅವನಿಗೂ ಅದೇ ದಿನ ಪಟ್ಟಿ ಮುಟ್ಟಬೇಕು, ಅದೂ ಕನ್ನಡದಲ್ಲೇ ಮುಟ್ಟಬೇಕು ಅನ್ನೋದು ನನ್ನ ಹಟ. ಅದಕ್ಕೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಪಟ್ಟಿಗಳನ್ನು ಮೇಲ್ ಮಾಡುವ ಸಣ್ಣ ಪ್ರೋಗ್ರಾಂ ಬರೆದೆ.

ಬೇಕಾದ ಲೈಬ್ರರಿಗಳು (ಮೊದಲೇ ಬರೆದಿಟ್ಟ ಕೋಡ್) ಪೈಥಾನ್ ಜೊತೆಗೇ ಬರುತ್ತವೆ. 'ಇಮೇಲ್' ಪತ್ರ ಕಟ್ಟುತ್ತದೆ, 'ಎಸ್‌ಎಂಟಿಪಿಲಿಬ್' ಅದನ್ನು ಸರ್ವರ್‌ಗೆ ಒಪ್ಪಿಸುತ್ತದೆ.

ತಲೆ ಜಾಸ್ತಿ ಓಡಿಸಬೇಕಾದದ್ದು ಕನ್ನಡಕ್ಕೆ. ಎಸ್‌ಎಂಟಿಪಿ ಅಂದರೆ ಮೇಲ್ ಸಾಗಿಸುವ ಪದ್ಧತಿ, 1982ರ ನಿಯಮ. ಆಗ ಅದು ಬರೀ ಆಸ್ಕಿ ಅಕ್ಷರಗಳನ್ನು, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಸಾಗಿಸಲು ಹುಟ್ಟಿದ್ದು. ಕನ್ನಡದಂಥ ಭಾಷೆಗಳಿಗೆ ಯೂನಿಕೋಡ್ ಬೇಕು. ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ನಮ್ಮ 'ತೊಗರಿ' ಅನ್ನೋ ಒಂದು ಪದವೇ 15 ಬೈಟ್ ಆಗುತ್ತದೆ. ವಿಷಯದ ಸಾಲು, ಒಕ್ಕಣೆ ಎಲ್ಲ ಸೇರಿಸಿ ಸುಮ್ನೆ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ 'ಸೆಂಡ್‌ಮೇಲ್'ಗೆ ಕೊಟ್ಟರೆ ಯೂನಿಕೋಡ್ ಎರರ್ ಬಂದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. 'ಇಮೇಲ್‌ಮೆಸೇಜ್' ಕ್ಲಾಸ್ ಬಳಸಿದರೆ ಆ ಚಿಂತೆ ಇಲ್ಲ. ವಿಷಯ, ಒಕ್ಕಣೆ, ಪಿಡಿಎಫ್ ಎಲ್ಲವನ್ನೂ ಅದಕ್ಕೆ ಕೊಡಿ, ಸಾಗಿಸಲು ಬರುವಂತೆ ಎನ್‌ಕೋಡ್ ಅದೇ ಮಾಡಿಕೊಳ್ಳುತ್ತದೆ. ಕಳಿಸಲು 'ಸೆಂಡ್_ಮೆಸೇಜ್' ಸಾಕು. ಒಂದು ಮಾತು: ಹಳೆಯ ಹೆಸರುಗಳು 'ನುಡಿ' ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಲೇಬೇಕು. ಇಲ್ಲದಿದ್ದರೆ ಆ ಕಡೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ತಮ್ಮ ಹೆಸರೇ ಕೆಟ್ಟು ಬಂದ ಪಟ್ಟಿಯ ಲೆಕ್ಕವನ್ನು ಯಾರು ನಂಬುತ್ತಾರೆ, ಅಲ್ವಾ?

ಜಿಮೇಲ್‌ನಿಂದ ಕಳಿಸುವುದಾದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. 2022ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಅದನ್ನು ಕೋಡ್ ಒಳಗೆ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಪ್ರೋಗ್ರಾಂ ಹೊರಗೆ ಕಂಪ್ಯೂಟರ್‌ನ ಸೆಟ್ಟಿಂಗ್‌ನಲ್ಲಿ ಇಟ್ಟಿದ್ದೇನೆ. ಸರ್ವರ್‌ಗೆ ಸೇರುವ ಬಾಗಿಲು, ಅಂದರೆ ಪೋರ್ಟ್ 587. ಮೊದಲು ಕನೆಕ್ಷನ್ ಅನ್ನು ಗುಪ್ತಗೊಳಿಸುವ 'ಸ್ಟಾರ್ಟ್‌ಟಿಎಲ್‌ಎಸ್', ಆಮೇಲೆ ಲಾಗಿನ್. ಎಲ್ಲ ಪಟ್ಟಿಗೂ ಒಂದೇ ಕನೆಕ್ಷನ್ ಬಳಸುತ್ತೇನೆ. ಒಬ್ಬೊಬ್ಬರಿಗೂ ಬೇರೆ ಪತ್ರ ಕಟ್ಟುತ್ತೇನೆ, ಯಾಕೆಂದರೆ ಒಬ್ಬರ ದುಡ್ಡಿನ ಲೆಕ್ಕ ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಸೀಸನ್‌ನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅರ್ಧ ಪಟ್ಟಿ ಹೋದ ಮೇಲೆ ಕಂಪ್ಯೂಟರ್ ನಿಂತರೆ? ಮತ್ತೆ ಶುರು ಮಾಡಿದಾಗ ಅದೇ ಪಟ್ಟಿ ಇನ್ನೊಮ್ಮೆ ಹೋಗಿಬಿಟ್ಟರೆ, ಮನೆಯವರು ಮಾಲು ಎರಡು ಸಲ ಮಾರಾಟವಾಗಿದೆ ಅಂದುಕೊಳ್ಳುತ್ತಾರೆ. ಅದಕ್ಕೆ ಪ್ರತಿ ಪತ್ರ ಹೋದ ತಕ್ಷಣ ಪಟ್ಟಿ ನಂಬರನ್ನು ಒಂದು ಫೈಲ್‌ಗೆ ಬರೆಸುತ್ತೇನೆ. ಪ್ರೋಗ್ರಾಂ ಮೊದಲು ಆ ಫೈಲ್ ಓದಿ, ಅಲ್ಲಿರುವ ನಂಬರ್‌ಗಳನ್ನು ಬಿಟ್ಟು ಮುಂದೆ ಹೋಗುತ್ತದೆ.

ಎರರ್ ಬರಲಿಲ್ಲ ಅಂದರೆ ಮೇಲ್ ಮುಟ್ಟಿತು ಅಂತಲ್ಲ. ನಮ್ಮ ಸರ್ವರ್ ತೆಗೆದುಕೊಂಡಿತು ಅಂತ ಅಷ್ಟೇ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದ್ದರೆ ವಾಪಸ್ ಪತ್ರ ಆಮೇಲೆ ಇನ್‌ಬಾಕ್ಸ್‌ಗೆ ಬರುತ್ತದೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ನೋಡುತ್ತೇನೆ. ಹಾಗೆ ವಾಪಸ್ ಬಂದವರ ಮನೆಗೆ ಫೋನ್ ಮಾಡಿ, ಸರಿಯಾದ ವಿಳಾಸ ಕೇಳಿ ಬರೆದುಕೊಳ್ಳುತ್ತೇನೆ.