ಮೂಕಿ ಕಾಮಿಡಿಗೆ ನಮ್ಮೂರು ನಕ್ಕಿದ್ದು ಹೇಗೆ

ನಾನು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಇದೆ. ಊರವರ ಬಾಯಲ್ಲಿ ಮಾತ್ರ ಲೈಬ್ರರಿನೇ. ಎರಡು ವರ್ಷದಿಂದ ಇಲ್ಲಿ ತಿಂಗಳಿಗೆ ಎರಡು ಶನಿವಾರ ಸಂಜೆ ಮೂಕಿ ಕಾಲದ ಹಾಸ್ಯ ಸಿನಿಮಾ ತೋರಿಸುತ್ತಿದ್ದೇನೆ. ಚಾಪ್ಲಿನ್, ಬಸ್ಟರ್ ಕೀಟನ್, ಹೆರಾಲ್ಡ್ ಲಾಯ್ಡ್. ಎಲ್ಲವೂ ಹೆಚ್ಚು ಕಡಿಮೆ ನೂರು ವರ್ಷ ಹಳೆಯವು. ವಿಷಯ ತಿಳಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: “ಅದಕ್ಕೆ ಈಗಿನ ಮಕ್ಕಳು ನಗ್ತಾರಾ?”

ನಗುತ್ತಾರೆ. ಆದರೆ ಸುಮ್ನೆ ಹಾಕಿ ಕೂತರೆ ನಗುವುದಿಲ್ಲ.

ಮೊದಲ ಶನಿವಾರ ನಾನು ಹಾಕಿದ್ದು ‘ಸಿಟಿ ಲೈಟ್ಸ್’. 1931ರ ಚಿತ್ರ. ಟಾಕಿ ಬಂದು ಎಲ್ಲರೂ ಮಾತಿನ ಹಿಂದೆ ಬಿದ್ದಿದ್ದಾಗ ಚಾಪ್ಲಿನ್ ಹಟ ಹಿಡಿದು ಮಾತಿಲ್ಲದೆ ಮಾಡಿದ ಸಿನಿಮಾ. ನನಗೆ ಅವರ ಚಿತ್ರಗಳಲ್ಲೆಲ್ಲ ಅದೇ ಹೆಚ್ಚು ಇಷ್ಟ. ಮೂವತ್ತು ಮಕ್ಕಳು ಬಂದಿದ್ದರು. ಅರ್ಧ ಗಂಟೆಗೆ ಹತ್ತು ಜನ ಉಳಿದರು. ಅವರಲ್ಲೂ ಇಬ್ಬರ ಕಣ್ಣು ಕೇರಂ ಬೋರ್ಡಿನ ಮೇಲಿತ್ತು. ಅವತ್ತು ರಾತ್ರಿ ನನಗೆ ತುಂಬಾ ಬೇಜಾರಾಯಿತು. ನನಗೆ ಇಷ್ಟವಾದದ್ದನ್ನು ಹಾಕಿದ್ದೆ. ಅವರಿಗೆ ಯಾವುದರಿಂದ ಶುರು ಮಾಡಿದರೆ ಸರಿ ಅಂತ ಯೋಚನೆಯೇ ಮಾಡಿರಲಿಲ್ಲ.

ಎರಡನೇ ಸಲ ಇಪ್ಪತ್ತು ನಿಮಿಷದ ಚಿಕ್ಕ ಚಿತ್ರ ಹುಡುಕಿದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದು ಮಸುಕು ಪ್ರಿಂಟು. ಅದರಲ್ಲಿ ಎಲ್ಲರೂ ಇರುವೆ ಗೂಡು ಕೆದಕಿದ ಹಾಗೆ ಓಡಾಡುತ್ತಿದ್ದರು. ಮಕ್ಕಳು ಆ ಓಟಕ್ಕೆ ಐದು ನಿಮಿಷ ನಕ್ಕರು. ಆಮೇಲೆ ಸುಸ್ತಾದರು. ಯಾರು ಯಾರಿಗೆ ಯಾಕೆ ಒದ್ದರು ಅಂತ ಕಣ್ಣಿಗೆ ಬೀಳುವುದರೊಳಗೆ ಅದು ಮುಗಿದಿರುತ್ತಿತ್ತು.

ಮೂಕಿ ಸಿನಿಮಾ ಅಂದರೆ ಹಾಗೇ ಪಟಪಟ ಓಡುವುದು ಅಂತ ನಾನೂ ತಿಳಿದಿದ್ದೆ. ಅದು ತಪ್ಪು. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮು, ಅಂದರೆ ಬಿಡಿ ಚಿತ್ರ. ಟಾಕಿ ಬಂದ ಮೇಲೆ ಅದು 24ಕ್ಕೆ ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಒಂದೂವರೆ ಪಟ್ಟು ವೇಗ ಬರುತ್ತದೆ, ಅಲ್ವಾ? ಕಂಪ್ಯೂಟರಿನಲ್ಲಿ ವಿಡಿಯೊ ಓಡಿಸುವ ವಿಎಲ್‌ಸಿ ಪ್ಲೇಯರಿನಲ್ಲಿ ಈ ವೇಗ ಇಳಿಸಬಹುದು. 0.8ಕ್ಕೆ ಇಟ್ಟು ನೋಡಿದೆ. ಮುಖಗಳು ಕಾಣಿಸಿದವು! ಕಾಲಿಗೆ ಏನೋ ತಾಗಿದೆ ಅಂತ ಬೀಳುವವನಿಗೆ ಹೊಳೆಯುವ ಆ ಒಂದು ಗಳಿಗೆ ಕಾಣಿಸಿತು. ನಗು ಇರುವುದೇ ಅಲ್ಲಿ. ಹಾಗಂತ ತೀರಾ ಇಳಿಸಲೂಬಾರದು. ಆ ಕಾಲದ ಕಾಮಿಡಿಯವರು ಓಟದ ದೃಶ್ಯಗಳಿಗೆ ಬೇಕೆಂದೇ ಕ್ಯಾಮೆರಾ ನಿಧಾನ ತಿರುಗಿಸಿ, ಪರದೆಯ ಮೇಲೆ ಓಟ ಸ್ವಲ್ಪ ಚುರುಕಾಗುವಂತೆ ಮಾಡುತ್ತಿದ್ದರು. ನಾನು ಕಂಡುಕೊಂಡ ಅಳತೆ ಇದು: ಓಡುವವನನ್ನು ನೋಡಬೇಡಿ, ಹಿಂದೆ ರಸ್ತೆಯಲ್ಲಿ ಸುಮ್ನೆ ನಡೆದು ಹೋಗುವವರನ್ನು ನೋಡಿ. ಅವರು ಮನುಷ್ಯರ ಹಾಗೆ ನಡೆದರೆ ವೇಗ ಸರಿ ಇದೆ. ಚೆನ್ನಾಗಿ ತಿದ್ದಿದ ಪ್ರಿಂಟು ಸಿಕ್ಕರೆ ಈ ಕೆಲಸವೇ ಬೇಡ.

ನಡುವೆ ಬರುವ ಇಂಗ್ಲಿಷ್ ಬರಹದ ಕಾರ್ಡುಗಳನ್ನು ನಾನೇ ಕನ್ನಡದಲ್ಲಿ ಓದುತ್ತೇನೆ. ಜಪಾನಿನಲ್ಲಿ ಆಗ ಪರದೆ ಪಕ್ಕ ಕೂತು ಕತೆ ಹೇಳುವವರೇ ಇದ್ದರು. ಬೆನ್ಶಿ ಅಂತ ಅವರ ಹೆಸರು. ಕೆಲವರು ನಟರಷ್ಟೇ ಹೆಸರು ಮಾಡಿದ್ದರು. ನಾನು ಅಷ್ಟೆಲ್ಲ ಹೇಳುವುದಿಲ್ಲ. ಬೇಕಾದ್ದು ಒಂದು ಸಾಲು, ಅಷ್ಟೇ.

ಉಳಿದದ್ದು ಸಂಗೀತ. ಇದನ್ನು ಸರಿ ಮಾಡಿದವರು ನಮ್ಮ ಹಾರ್ಮೋನಿಯಂ ಮೇಷ್ಟ್ರು.

ನಮ್ಮ ಕಡೆ ‘ಕುರುಕ್ಷೇತ್ರ’ ನಾಟಕ ಆಡದ ಊರು ಸಿಗುವುದು ಕಷ್ಟ. ಊರ ಜನರಿಗೆ ತಿಂಗಳುಗಟ್ಟಲೆ ಹಾಡು, ಮಾತು ಕಲಿಸಿ, ನಾಟಕದ ರಾತ್ರಿ ಬೆಳಗಿನವರೆಗೆ ಪೆಟ್ಟಿಗೆ ಬಾರಿಸುವವರು ಈ ಮೇಷ್ಟ್ರುಗಳು. ಅವರಲ್ಲೊಬ್ಬರು ದಿನಾ ಪೇಪರ್ ಓದಲು ಲೈಬ್ರರಿಗೆ ಬರುತ್ತಾರೆ. ಎಪ್ಪತ್ತು ದಾಟಿದೆ. ವೇಗ ಇಳಿಸಿದಾಗ ಸಿನಿಮಾ ಜೊತೆ ಇದ್ದ ಪಿಯಾನೋ ಎಳೆದೆಳೆದು ಅಳುತ್ತಿತ್ತು. ಅದನ್ನು ಕೇಳಿ ಅವರಿಗೆ ತಡೆಯಲಾಗಲಿಲ್ಲ.

“ಇದೇನಮ್ಮಾ, ಆಟ ಒಂದು ಕಡೆ, ಪೀಪಿ ಒಂದು ಕಡೆ. ಸೌಂಡ್ ನಿಲ್ಸು. ನಾನು ಪೆಟ್ಟಿಗೆ ತರ್ತೀನಿ.”

ಮೂಕಿ ಸಿನಿಮಾ ಥಿಯೇಟರಿನಲ್ಲಿ ಸಾಮಾನ್ಯವಾಗಿ ಮೂಕವಾಗಿರಲಿಲ್ಲ. ಪಿಯಾನೋ ನುಡಿಸುವವರೋ ಬ್ಯಾಂಡಿನವರೋ ಪರದೆ ಮುಂದೆ ಕೂತು, ಚಿತ್ರ ನೋಡಿಕೊಂಡೇ ಬಾರಿಸುತ್ತಿದ್ದರು. ಮೇಷ್ಟ್ರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಚಿತ್ರವನ್ನು ಮೊದಲೇ ಒಂದು ಸಲ ನೋಡುತ್ತಾರೆ. ಎರಡನೇ ಸಲ ನೋಡುವಾಗ ಬೆರಳು ಮಾತ್ರ ಮಂಡಿಯ ಮೇಲೆ ಆಡುತ್ತಿರುತ್ತದೆ. ಯಾರಾದರೂ ಬಿದ್ದ ಕೂಡಲೇ ಜೋರಾಗಿ ಬಾರಿಸುತ್ತಾರೆ ಅಂದುಕೊಂಡಿದ್ದೆ. ಅವರು ಬೀಳುವ ಮುಂಚೆಯೇ ಕೈ ನಿಲ್ಲಿಸಿದರು. ಯಾಕೆ ಅಂತ ಆಮೇಲೆ ಕೇಳಿದೆ.

“ಬೀಳೋವಾಗ ಬಾರಿಸಬಾರದು ಕಣಮ್ಮ. ಆವಾಗ ಜನದ ಕಿವಿ ಖಾಲಿ ಇರಬೇಕು. ಬಿದ್ದ ಮೇಲೆ ನಗ್ತಾರೆ. ಆ ನಗು ಇಳಿಯೋ ಹೊತ್ತಿಗೆ ಮತ್ತೆ ಹಿಡೀಬೇಕು. ನಗುವಿನ ಮೇಲೆ ಪೆಟ್ಟಿಗೆ ಬಾರಿಸಿದ್ರೆ ನಗು ಸತ್ತೋಗುತ್ತೆ.”

ಇದು ಅವರು ನಾಟಕದ ಹಾಸ್ಯಗಾರರಿಂದ ಕಲಿತದ್ದು. ಅವರ ಗುರುಗಳು ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನ ಪಾತ್ರವನ್ನು ಕಣ್ಣಾರೆ ಕಂಡವರಂತೆ. ವೀರಣ್ಣನವರೂ ಚಾಪ್ಲಿನ್ನರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರು. ಇಬ್ಬರೂ ಹುಡುಗರಾಗಿದ್ದಾಗಲೇ ರಂಗದ ಮೇಲೆ ಬಂದವರು. ನಮ್ಮ ತಿಪಟೂರಿನ ನರಸಿಂಹರಾಜು ಅವರೂ ನಾಟಕದಿಂದಲೇ ಸಿನಿಮಾಕ್ಕೆ ಹೋಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ಕಾಣಿಸಿಕೊಂಡವರು. ಅವರ ಸಣ್ಣ ಮೈ, ದೊಡ್ಡ ಕಣ್ಣು ನೋಡಿ ನಕ್ಕ ಜಿಲ್ಲೆ ಇದು. ಮಾತಿಲ್ಲದ ಹಾಸ್ಯ ಇಲ್ಲಿಗೆ ಹೊಸದೇನಲ್ಲ ಅಂತ ನನಗೆ ಧೈರ್ಯ ಬಂದದ್ದು ಮೇಷ್ಟ್ರ ಮಾತು ಕೇಳಿದ ಮೇಲೆ.

ಹೊಸ ಜನ ಬಂದ ದಿನ ನಾನು ಮೊದಲು ಹಾಕುವುದು ಕೀಟನ್ನರ ‘ಒನ್ ವೀಕ್’. 1920ರದ್ದು, ಅರ್ಧ ಗಂಟೆಯೂ ಇಲ್ಲ. ಹೊಸದಾಗಿ ಮದುವೆಯಾದವರಿಗೆ ಪೆಟ್ಟಿಗೆಗಳಲ್ಲಿ ಒಂದು ಮನೆ ಉಡುಗೊರೆ ಬರುತ್ತದೆ. ಪೆಟ್ಟಿಗೆ ಮೇಲಿನ ನಂಬರ್ ನೋಡಿಕೊಂಡು ಜೋಡಿಸಬೇಕು. ಹೊಟ್ಟೆಕಿಚ್ಚಿನವನೊಬ್ಬ ನಂಬರ್ ಬದಲಾಯಿಸುತ್ತಾನೆ. ಎದ್ದು ನಿಲ್ಲುವ ಮನೆಯ ಒಂದು ಗೋಡೆಯೂ ನೆಟ್ಟಗಿರುವುದಿಲ್ಲ. ನಮ್ಮೂರ ಗಾರೆ ಕೆಲಸದವರು ಇದನ್ನು ನೋಡಿ ನಕ್ಕ ಹಾಗೆ ಮಕ್ಕಳೂ ನಕ್ಕಿಲ್ಲ. ಒಬ್ಬರಂತೂ ಪಕ್ಕದವರ ತೊಡೆ ಬಡಿದು “ನಮ್ಮ ಕಂಟ್ರಾಕ್ಟರ್ ಕಟ್ಟಿದ್ದು, ನೋಡ್ಲಾ” ಅಂದರು. ಕೊನೆಯಲ್ಲಿ ಆ ಮನೆ ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತದೆ. ಗಂಡ ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹೋಗಿಬಿಡುತ್ತದೆ. ಎಲ್ಲರೂ ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ರೈಲು ಬಂದು ಮನೆಯನ್ನು ಚೂರು ಚೂರು ಮಾಡುತ್ತದೆ. ಇಲ್ಲಿ ನಗದ ಒಬ್ಬರನ್ನೂ ನಾನು ಈವರೆಗೆ ಕಂಡಿಲ್ಲ.

ಆವತ್ತೇ ನನಗೆ ಒಂದು ವಿಷಯ ಹಿಡಿದುಕೊಂಡಿತು. ಜನ ನಗುವುದು ತಮ್ಮ ಮೈಗೆ ಗೊತ್ತಿರುವ ಕಡೆ. ಸಿನಿಮಾ ಹಳೆಯದೋ ಹೊಸದೋ ಅನ್ನುವುದು ಆಮೇಲಿನ ಮಾತು.

ಮಕ್ಕಳ ತೊಂದರೆ ಬೇರೆ. ಅವರು ಏನು ನೋಡಿದರೂ ಕೇಳುವುದು, “ಮಿಸ್, ಇದು ಗ್ರಾಫಿಕ್ಸಾ?” ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ಅವರು ನಿಂತ ಜಾಗಕ್ಕೆ ಸರಿಯಾಗಿ ಮೇಲಿನ ಕಿಟಕಿ ಬರುತ್ತದೆ, ಅದಕ್ಕೇ ಉಳಿಯುತ್ತಾರೆ. ಮಕ್ಕಳು ಆಕಳಿಸಿದರು. ಕಂಪ್ಯೂಟರಿನಲ್ಲಿ ಇದಕ್ಕಿಂತ ದೊಡ್ಡದು ಬೀಳುವುದನ್ನು ದಿನಾ ನೋಡುವವರು. ನಾನು ನಿಲ್ಲಿಸಿ ಹೇಳಿದೆ: ಆಗ ಕಂಪ್ಯೂಟರ್ ಇರಲಿಲ್ಲ, ಅದು ನಿಜವಾದ ಭಾರದ ಗೋಡೆ, ಮನುಷ್ಯ ನಿಜವಾಗಿ ಅಲ್ಲಿ ನಿಂತಿದ್ದರು, ಒಂದು ಹೆಜ್ಜೆ ಆಚೆ ಈಚೆ ಆಗಿದ್ದರೆ ಸಾಯುತ್ತಿದ್ದರು. ಮತ್ತೆ ಹಾಕಿದೆ. ಈ ಸಲ ಗೋಡೆ ಬೀಳುವಾಗ ಇಡೀ ಕೋಣೆ ಕೂಗಿಕೊಂಡಿತು, ಕೂಗಿದ್ದೇ ನಗುವಾಯಿತು. ಆಮೇಲಿಂದ ಇಂಥದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಿದರೆ ತಮಾಷೆ ಕೆಡುತ್ತದೆ ಅನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಕೆಡುವುದಿಲ್ಲ.

‘ಸೇಫ್ಟಿ ಲಾಸ್ಟ್’ ಹಾಕಿದ ಸಂಜೆಯನ್ನು ನಾನು ಮರೆಯಲಾರೆ. 1923ರ ಲಾಯ್ಡ್ ಚಿತ್ರ. ಕನ್ನಡಕದ ಬಡಪಾಯಿ ಅಂಗಡಿ ನೌಕರ ಎತ್ತರದ ಕಟ್ಟಡವನ್ನು ಹೊರಗಿನಿಂದ ಹತ್ತುತ್ತಾನೆ. ಒಂದೊಂದು ಅಂತಸ್ತಿಗೂ ಒಂದೊಂದು ಕಾಟ. ಪಾರಿವಾಳ ಮುತ್ತುತ್ತವೆ, ಬಲೆ ಬೀಳುತ್ತದೆ, ಪ್ಯಾಂಟಿನೊಳಗೆ ಇಲಿ ಹೊಗುತ್ತದೆ. ದೊಡ್ಡ ಗಡಿಯಾರದ ಮುಳ್ಳು ಹಿಡಿದು ನೇತಾಡುತ್ತಾನೆ. ಎಲ್ಲರೂ ನಗುತ್ತಿದ್ದರು. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬರು ಮಾತ್ರ ನಗುತ್ತಿರಲಿಲ್ಲ. ಅವರು ನಮ್ಮೂರಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೀಳುವವರು. ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಅಕ್ಕ, ಅವರ ಬಲಗೈಗೆ ಏನಾಗಿದೆ? ಹೆಬ್ಬೆರಳು ಒತ್ತುತ್ತಾ ಇಲ್ಲ.”

ನನ್ನ ಮೈ ಜುಮ್ಮೆಂದಿತು. 1919ರಲ್ಲಿ ಫೋಟೋ ತೆಗೆಸುವಾಗ ಸುಳ್ಳು ಬಾಂಬು ಅಂದುಕೊಂಡು ಹಿಡಿದದ್ದು ಸಿಡಿದು, ಲಾಯ್ಡ್ ಬಲಗೈಯ ಹೆಬ್ಬೆರಳು, ತೋರುಬೆರಳು ಕಳೆದುಕೊಂಡಿದ್ದರು. ಆಮೇಲಿನ ಚಿತ್ರಗಳಲ್ಲೆಲ್ಲ ಕೃತಕ ಬೆರಳಿನ ಗ್ಲೌಸ್ ಹಾಕಿಯೇ ನಟಿಸಿದರು. ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ಮರದ ಮೇಲೆ ಕೈ ಹಿಡಿತದಲ್ಲೇ ಜೀವ ಇಟ್ಟುಕೊಂಡವರಿಗೆ ಗೊತ್ತಾಯಿತು.

ಎಲ್ಲರನ್ನೂ ಮತ್ತೆ ಕೂರಿಸಿ ಈ ಕತೆ ಹೇಳಿದೆ. ನಿಜ ಮುಚ್ಚಿಡಲಿಲ್ಲ. ಗಡಿಯಾರದ ಗೋಡೆಯನ್ನು ಬೇರೊಂದು ಕಟ್ಟಡದ ತಾರಸಿ ಮೇಲೆ ಕಟ್ಟಿದ್ದರು, ಕೆಳಗೆ ಹಾಸಿಗೆ ಹಾಕಿದ್ದ ಅಟ್ಟಣೆ ಇತ್ತು, ದೂರದ ಶಾಟುಗಳಲ್ಲಿ ಹತ್ತಿದವರು ಬೇರೆಯವರು ಅಂತಲೂ ಹೇಳಿದೆ. ಮಕ್ಕಳು ಎರಡು ಬೆರಳು ಮಡಚಿ ಬೆಂಚಿನ ಅಂಚು ಹಿಡಿದು ನೋಡಿದರು. ಹಿಡಿತ ಜಾರಿತು. ಕೊನೆಯ ಭಾಗವನ್ನು ಮತ್ತೆ ಹಾಕಿ ಅಂತ ಅವರೇ ಕೇಳಿದರು. ಮೊದಲ ಸಲಕ್ಕಿಂತ ಜಾಸ್ತಿ ನಕ್ಕರು. ಮರ ಹತ್ತುವ ಅಣ್ಣನೂ ಆಗ ನಕ್ಕರು.

ಎಲ್ಲವೂ ನಡೆಯುವುದಿಲ್ಲ. ಕಾರ್ಡಿನಲ್ಲಿರುವ ಇಂಗ್ಲಿಷ್ ಮಾತಿನ ಆಟ ಕನ್ನಡಕ್ಕೆ ಬರುವುದಿಲ್ಲ, ಬಿಟ್ಟುಬಿಡುತ್ತೇನೆ. ಅಮೆರಿಕದಲ್ಲಿ ಹೆಂಡ ನಿಷೇಧ ಇದ್ದ ಕಾಲದ ತಮಾಷೆಗಳೂ ಅಷ್ಟೆ. ಕರಿಯ ಜನರನ್ನು ಹೀಯಾಳಿಸುವ ದೃಶ್ಯಗಳೂ ಕೆಲವು ಚಿತ್ರಗಳಲ್ಲಿವೆ. ಕೀಟನ್ನರ ‘ಸೆವೆನ್ ಚಾನ್ಸಸ್’ನಲ್ಲೂ (1925) ಇವೆ. ಅದೇ ಚಿತ್ರದಲ್ಲಿ ಬೆಟ್ಟದಿಂದ ಬಂಡೆಗಳು ಉರುಳಿ ಅಟ್ಟಿಸಿಕೊಂಡು ಬರುವ ಅದ್ಭುತ ಓಟವೂ ಇದೆ. ಮೊದಲು ಜನರಿಗೆ ತೋರಿಸಿದಾಗ ನಾಲ್ಕಾರು ಕಲ್ಲು ಉರುಳಿದ್ದಕ್ಕೆ ನಗು ಬಂತಂತೆ. ಅದನ್ನು ಗಮನಿಸಿ ಕೀಟನ್ ದೊಡ್ಡ ಬಂಡೆಗಳನ್ನು ಮಾಡಿಸಿ ಮತ್ತೆ ಶೂಟ್ ಮಾಡಿದರು. ನಾನು ಆ ಓಟ ಮಾತ್ರ ತೋರಿಸುತ್ತೇನೆ. ಬಣ್ಣ ನೋಡಿ ನಗುವುದನ್ನು ನನ್ನ ಲೈಬ್ರರಿಯಲ್ಲಿ ಮಕ್ಕಳು ಕಲಿಯುವುದು ನನಗೆ ಬೇಡ.

ತುಮಕೂರು ಕಡೆಗೆ ವ್ಯಾನಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ನಮಗೂ ತೋರಿಸಿ ಅಂದರು. ಅವರಿಗೆ ಶನಿವಾರ ರಜೆ ಇಲ್ಲ. ಒಂದು ಭಾನುವಾರ ‘ಮಾಡರ್ನ್ ಟೈಮ್ಸ್’ ಹಾಕಿದೆ. 1936ರದ್ದು. ಊಟದ ಹೊತ್ತು ಉಳಿಸಲು ಕೆಲಸಗಾರನಿಗೆ ಯಂತ್ರವೇ ಉಣ್ಣಿಸುವ ದೃಶ್ಯಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಇವರು ಅಲ್ಲಿ ಸುಮಾರಾಗಿ ನಕ್ಕರು. ಆದರೆ ಚಾಪ್ಲಿನ್ ಕೆಲಸ ಬಿಟ್ಟು ಈಚೆ ಬಂದರೂ ಕೈಗಳು ನಟ್ಟು ತಿರುಗಿಸುತ್ತಲೇ ಇರುತ್ತವಲ್ಲ, ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. “ರಾತ್ರಿ ಮಲಗಿದ್ರೂ ನನ್ನ ಕಾಲು ಪೆಡಲ್ ಒತ್ತುತ್ತಾ ಇರುತ್ತೆ” ಅಂತ ಒಬ್ಬಳು ಕೂಗಿದಳು. ಬಾತ್‌ರೂಮಿನಲ್ಲಿ ಒಂದು ದಮ್ಮು ಹೊಡೆಯಲು ನಿಂತರೆ ಗೋಡೆಯ ಪರದೆಯಲ್ಲಿ ಮಾಲೀಕ ಬಂದು ಗದರಿಸುತ್ತಾನೆ. ಆ ನಗು ನಿಲ್ಲಲಿ ಅಂತ ಮೇಷ್ಟ್ರು ಕೈ ಕಟ್ಟಿ ಕಾದರು. ತುಂಬಾ ಹೊತ್ತು ಕಾಯಬೇಕಾಯಿತು.

ಕಳೆದ ತಿಂಗಳು ‘ದಿ ಕಿಡ್’ ಇತ್ತು. 1921ರ ಚಿತ್ರ. ಜಾಗ ಸಾಲದೆ ಲೈಬ್ರರಿ ಹೊರಗೆ ಜಗಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಹುಡುಗ ಕಲ್ಲು ಹೊಡೆದು ಕಿಟಕಿ ಗಾಜು ಒಡೆಯುವುದು, ಹಿಂದೆಯೇ ಚಾಪ್ಲಿನ್ ಗಾಜು ಹೊತ್ತುಕೊಂಡು ರಿಪೇರಿಗೆ ಬರುವುದು. ಮೇಷ್ಟ್ರು ಆ ಕಳ್ಳಾಟಕ್ಕೆ ಸದಾರಮೆಯ ಒಂದು ಹಳೆಯ ಮಟ್ಟು ಹಿಡಿದರು. ಮಕ್ಕಳು ಚಪ್ಪಾಳೆ ಹಾಕಿದರು. ಆಮೇಲೆ ಅನಾಥಾಲಯದವರು ಬಂದು ಹುಡುಗನನ್ನು ಎಳೆದೊಯ್ದು ಗಾಡಿಗೆ ಹಾಕುತ್ತಾರೆ. ಅವನು ಕೈ ಚಾಚಿ ಅಳುತ್ತಾನೆ. ಪೆಟ್ಟಿಗೆ ನಿಂತುಹೋಯಿತು. ಇಲ್ಲಿ ಬಾರಿಸಬೇಕು ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ನಾನು ತಿರುಗಿ ನೋಡಿದೆ. ಮೇಷ್ಟ್ರ ಕೈ ಪೆಟ್ಟಿಗೆಯ ಕೀಗಳ ಮೇಲೇ ಇತ್ತು, ಗಾಳಿ ತುಂಬುವ ತಿದಿ ಮಾತ್ರ ಆಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಂದು ಮಗು ಮೆಲ್ಲಗೆ ಅಂದಿತು, “ತಾತ, ಬಾರ್ಸಿ.”

ಅವರು ಬಾರಿಸಲಿಲ್ಲ. ಪಂಚೆಯ ಮೇಲೆ ಚಾಪ್ಲಿನ್ ಹೆಂಚಿನ ಮಾಡುಗಳನ್ನು ಹಾರಿ ಹಾರಿ ಓಡುತ್ತಿದ್ದರು. ಅಷ್ಟು ಜನರಲ್ಲಿ ಒಂದು ಸದ್ದಿಲ್ಲ. ಗಾಡಿಯೊಳಕ್ಕೆ ಧುಮುಕಿ ಹುಡುಗನನ್ನು ತಬ್ಬಿಕೊಂಡ ಮೇಲೆ ತಿದಿ ಆಡಿತು.