ಸ್ಟಿಚ್ ಮಾಡುವ ಮುಂಚಿನ ಕೆಲಸ: ದೂರದ ಜಾಗಗಳಲ್ಲಿ ಪನೋರಮಾ ತೆಗೆಯುವ ನನ್ನ ಕ್ರಮ

ಪನೋರಮಾ ಕೆಡುವುದು ಸ್ಥಳದಲ್ಲೇ; ಕೆಟ್ಟಿದೆ ಅಂತ ಗೊತ್ತಾಗುವುದು ಮಾತ್ರ ಮನೆಗೆ ಬಂದು ಸ್ಟಿಚ್ ಮಾಡಲು, ಅಂದರೆ ಫ್ರೇಮುಗಳನ್ನು ಹೊಲಿದು ಒಂದೇ ಅಗಲ ಚಿತ್ರವಾಗಿಸಲು ಕೂತಾಗ. ಒಂದು ಫ್ರೇಮ್ ಕಡಿಮೆ ಬಿತ್ತೆಂದು ದಿನಗಟ್ಟಲೆ ನಡೆದು ತಲುಪಿದ ಕಣಿವೆಗೆ ಮತ್ತೆ ಹೋಗಲಾಗದು. ಹಾಗಾಗಿ ನನ್ನ ಕ್ರಮದಲ್ಲಿ ಮುಕ್ಕಾಲು ಪಾಲು ಶಟರ್ ಒತ್ತುವುದಕ್ಕಿಂತ ಮುಂಚಿನ ಕೆಲಸವೇ.

ಟ್ರೈಪಾಡ್ ಬಿಚ್ಚುವ ಮೊದಲು ಕಾಲಬುಡ ನೋಡುತ್ತೇನೆ. ಫ್ರೇಮಿನೊಳಗೆ ಬರುವ ಅತಿ ಹತ್ತಿರದ ವಸ್ತು ಎಷ್ಟು ದೂರದಲ್ಲಿದೆ? ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕ್ಯಾಮೆರಾವನ್ನು ಅದರ ತಳದ ತಿರುಪಿನಿಂದ ನೇರ ಟ್ರೈಪಾಡ್‌ಗೆ ಕೂರಿಸಿದರೆ, ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ ತಿರುಗುವ ಅಕ್ಷಕ್ಕಿಂತ ಸುಮಾರು 10 ಸೆಂ.ಮೀ. ಮುಂದಿರುತ್ತದೆ ಎಂದಿಟ್ಟುಕೊಳ್ಳಿ. 36 ಡಿಗ್ರಿ ತಿರುಗಿಸಿದರೆ ಆ ಕಂಡಿ 6 ಸೆಂ.ಮೀ.ಗಿಂತ ತುಸು ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾ, 24 ಮಿ.ಮೀ. ಲೆನ್ಸ್ ಇದ್ದಾಗ 2 ಮೀಟರ್ ದೂರದ ಪೊದೆ ಹಿಂದಿನ ಬೆಟ್ಟಕ್ಕೆ ಹೋಲಿಸಿದರೆ ಸುಮಾರು 120 ಪಿಕ್ಸೆಲ್ ಜರುಗಿರುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ಚೊಕ್ಕಟವಾಗಿ ಕೂಡಿಸಲಾರದು. ಅದೇ 100 ಮೀಟರ್ ದೂರದ ಬಂಡೆಯಾದರೆ ಎರಡೂವರೆ ಪಿಕ್ಸೆಲ್, 500 ಮೀಟರ್ ಆಚೆಗೆ ಅರ್ಧ ಪಿಕ್ಸೆಲ್. ಅಂದರೆ ಎದುರಿಗೆ ಬರೀ ದೂರದ ಶಿಖರಗಳಿದ್ದರೆ ನೋಡಲ್ ರೈಲ್ (ಆ ಕಂಡಿ ಅಕ್ಷದ ಮೇಲೇ ಬರುವಂತೆ ಕ್ಯಾಮೆರಾವನ್ನು ಹಿಂದಕ್ಕೆ ಜರುಗಿಸಿ ಕೂರಿಸುವ ಪಟ್ಟಿ) ಹೊತ್ತುಕೊಂಡು ಹೋಗುವುದು ಬೆನ್ನಿಗೆ ಶಿಕ್ಷೆ, ಅಷ್ಟೇ. ಕೈಯಲ್ಲಿ ಹಿಡಿದೇ ತೆಗೆಯಬಹುದು. ಹೂವು, ಕಲ್ಲು, ಬೇಲಿ, ದೋಣಿಯ ಅಂಚು ಇಂಥವು ಹತ್ತಿರ ಬರುವ ಹಾಗಿದ್ದರೆ ರೈಲ್ ಬೇಕೇ ಬೇಕು.

ರೈಲ್ ಇಲ್ಲದೆ ಹತ್ತಿರದ್ದನ್ನು ತೆಗೆಯಲೇಬೇಕಾದಾಗ ಒಂದು ಉಪಾಯವಿದೆ. ಲೆನ್ಸಿನ ಮುಂಭಾಗಕ್ಕೆ ದಾರ ಸುತ್ತಿ, ತುದಿಗೆ ಭಾರ ಕಟ್ಟಿ ನೆಲದ ಹತ್ತಿರದವರೆಗೆ ಇಳಿಬಿಡಿ. ನೆಲದಲ್ಲಿ ಒಂದು ಸಣ್ಣ ಕಲ್ಲಿಟ್ಟು, ಭಾರ ಯಾವಾಗಲೂ ಆ ಕಲ್ಲಿನ ಮೇಲೇ ಇರುವಂತೆ ನೋಡಿಕೊಳ್ಳುತ್ತ ನೀವು ಕ್ಯಾಮೆರಾದ ಸುತ್ತ ಹೆಜ್ಜೆ ಹಾಕಿ. ನಿಂತಲ್ಲೇ ಸೊಂಟ ತಿರುಗಿಸಿದರೆ ಕ್ಯಾಮೆರಾ ತೋಳಿನುದ್ದದ ವೃತ್ತದಲ್ಲಿ ಸುತ್ತುತ್ತದೆ, ಜರುಗುವುದು ಸೆಂಟಿಮೀಟರ್‌ಗಳಲ್ಲಲ್ಲ, ಗೇಣುಗಳಲ್ಲಿ.

ರೈಲಿನ ಅಳತೆಯನ್ನು ಮನೆಯಲ್ಲೇ ಹೊಂದಿಸಿಟ್ಟುಕೊಳ್ಳುತ್ತೇನೆ. ಮೊದಲು ಕ್ಯಾಮೆರಾವನ್ನು ನೇರ ಕೆಳಮುಖ ಮಾಡಿ, ತಿರುಗುವ ಅಕ್ಷದ ನಡುಬಿಂದು ಫ್ರೇಮಿನ ನಟ್ಟನಡುವೆ ಬರುವ ಹಾಗೆ ಪಕ್ಕದ ಅಳತೆ ಸರಿಮಾಡಬೇಕು. ಆಮೇಲೆ ಹಿಂದೆ-ಮುಂದೆ. ಒಂದು ಮೀಟರ್ ದೂರದಲ್ಲಿ ಒಂದು ಕೋಲು ನಿಲ್ಲಿಸಿ, ಅದೇ ಸಾಲಿಗೆ ದೂರದ ಕಂಬವೊಂದು ಬರುವಂತೆ ನೋಡಿಕೊಂಡು, ಕ್ಯಾಮೆರಾ ಪರದೆಯ ಲೈವ್ ವ್ಯೂ ದೊಡ್ಡದು ಮಾಡಿ ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗಿಸಿ. ಬಲಕ್ಕೆ ತಿರುಗಿಸಿದಾಗ ಹತ್ತಿರದ ಕೋಲು ಕಂಬಕ್ಕಿಂತ ಎಡಕ್ಕೆ ಸರಿದರೆ ಕ್ಯಾಮೆರಾ ಅಕ್ಷಕ್ಕಿಂತ ಮುಂದಿದೆ ಎಂದರ್ಥ, ಹಿಂದಕ್ಕೆ ಜರುಗಿಸಿ. ಬಲಕ್ಕೆ ಸರಿದರೆ ಮುಂದಕ್ಕೆ. ಎರಡೂ ಅಂಟಿಕೊಂಡೇ ಓಡಾಡಿದರೆ ಸರಿಯಾಯಿತು. ಜೂಮ್ ಲೆನ್ಸಿನಲ್ಲಿ ಈ ಜಾಗ ಒಂದೊಂದು ಫೋಕಲ್ ಲೆಂತ್‌ಗೂ ಬೇರೆ. ನಾನು 24 ಮತ್ತು 35 ಎರಡಕ್ಕೆ ಮಾತ್ರ ರೈಲಿನ ಮೇಲೆ ಬಣ್ಣದ ಟೇಪ್ ಅಂಟಿಸಿ ಗುರುತು ಮಾಡಿದ್ದೇನೆ, ನಡುವಿನವನ್ನು ಬಳಸುವುದೇ ಇಲ್ಲ.

ಸ್ಥಳದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಮಟ್ಟ. ಕ್ಯಾಮೆರಾವನ್ನು ಎತ್ತ ಬೇಕಾದರೂ ಓರೆ ಮಾಡಬಲ್ಲ ಬಾಲ್ ಹೆಡ್ಡಿನ ಮೇಲಿನ ರಸಮಟ್ಟ ನೋಡಿ ತೃಪ್ತಿಪಟ್ಟುಕೊಂಡರೆ ಆ ಒಂದು ದಿಕ್ಕಿಗಷ್ಟೇ ಮಟ್ಟ. ಬಾಲ್ ಹೆಡ್ಡಿನ ತಳದಿಂದ ತಿರುಗಿಸುತ್ತ ಹೋದಂತೆ ದಿಗಂತ ಏರಿಳಿದು, ಚಿತ್ರ ಹಾವಿನ ಹಾಗೆ ಬಳುಕುತ್ತದೆ. ಮಟ್ಟವಾಗಿರಬೇಕಾದದ್ದು ತಿರುಗುವ ಭಾಗದ ಅಡಿ. ಅದಕ್ಕೇ ಟ್ರೈಪಾಡಿನ ಮೇಲೆ ಮೊದಲು ಲೆವೆಲಿಂಗ್ ಬೇಸ್ (ಮಟ್ಟ ಸರಿಮಾಡುವ ತಳ), ಅದರ ಮೇಲೆ ತಿರುಗುವ ತಟ್ಟೆ, ಅದರ ಮೇಲೆ ರೈಲ್, ಕೊನೆಗೆ ಎಲ್ ಆಕಾರದ ಹಿಡಿಕೆಯಾದ ಎಲ್ ಬ್ರಾಕೆಟ್‌ನಲ್ಲಿ ನಿಲುವಾಗಿ ಕೂತ ಕ್ಯಾಮೆರಾ. ಪೂರ್ತಿ ಒಂದು ಸುತ್ತು ತಿರುಗಿಸಿ, ಗುಳ್ಳೆ ಅಲ್ಲಾಡದಿದ್ದರೆ ಮಾತ್ರ ಮುಂದಿನ ಕೆಲಸ. ಕ್ಯಾಮೆರಾವನ್ನು ಮೇಲಕ್ಕೋ ಕೆಳಕ್ಕೋ ಓರೆ ಮಾಡುವುದಿಲ್ಲ. ನಿಲುವಾಗಿಟ್ಟ 24 ಮಿ.ಮೀ. ಲೆನ್ಸ್ ಮೇಲಿಂದ ಕೆಳಗೆ 74 ಡಿಗ್ರಿ ನೋಡುತ್ತದೆ, ಬೇಡವಾದ ಆಕಾಶವನ್ನು ಆಮೇಲೆ ಕತ್ತರಿಸಿದರಾಯಿತು.

ಫ್ರೇಮಿನ ಲೆಕ್ಕ ಬಾಯಿಪಾಠ ಇರಬೇಕು. ನಿಲುವಾಗಿಟ್ಟಾಗ 24 ಮಿ.ಮೀ. ಲೆನ್ಸಿನ ಅಗಲ 53 ಡಿಗ್ರಿ. ಪಕ್ಕದ ಫ್ರೇಮಿನ ಜೊತೆ ಒಂದರ ಮೇಲೊಂದು ಬೀಳುವಂತೆ ಮೂರನೇ ಒಂದು ಭಾಗದಷ್ಟು ಓವರ್‌ಲ್ಯಾಪ್ ಇಟ್ಟು 36 ಡಿಗ್ರಿಗೊಂದರಂತೆ ತೆಗೆದರೆ ಪೂರ್ತಿ ಸುತ್ತಿಗೆ 10 ಫ್ರೇಮ್. 35 ಮಿ.ಮೀ.ಗೆ 24 ಡಿಗ್ರಿಯಂತೆ 15, 50 ಮಿ.ಮೀ.ಗೆ 18 ಡಿಗ್ರಿಯಂತೆ 20. ಕೈಯಲ್ಲಿ ತೆಗೆಯುವಾಗ ಅರ್ಧಕ್ಕರ್ಧ ಓವರ್‌ಲ್ಯಾಪ್ ಇಡುತ್ತೇನೆ, ಯಾಕೆಂದರೆ ಅಲ್ಲಿ ಡಿಗ್ರಿ ತೋರಿಸುವವರು ಯಾರೂ ಇಲ್ಲ.

ಆಮೇಲೆ ಎಲ್ಲಕ್ಕೂ ಬೀಗ. ಮ್ಯಾನುವಲ್ ಮೋಡ್, ಎಫ್ 8, ಐಎಸ್‌ಒ 100, ವೈಟ್ ಬ್ಯಾಲೆನ್ಸ್ ಡೇಲೈಟ್. ಒಮ್ಮೆ ಫೋಕಸ್ ಮಾಡಿ ಅದನ್ನೂ ಮ್ಯಾನುವಲ್‌ಗೆ ತಿರುಗಿಸಿಬಿಡಬೇಕು. ಆಟೋ ಐಎಸ್‌ಒ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ. ಮ್ಯಾನುವಲ್ ಮೋಡಿನಲ್ಲೂ ಅದು ತನ್ನ ಪಾಡಿಗೆ ಬೆಳಕು ಬದಲಿಸುತ್ತಿರುತ್ತದೆ. ಎಕ್ಸ್‌ಪೋಷರ್ ಅಳೆಯುವುದು ಇಡೀ ನೋಟದ ಅತಿ ಬೆಳಕಿನ ದಿಕ್ಕಿಗೆ: ಹಿಮ, ಸೂರ್ಯನ ಕಡೆಯ ಮೋಡ. ಅಲ್ಲಿ ಹಿಸ್ಟೊಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲಗೋಡೆಗೆ ತಾಗದಿದ್ದರೆ ಸಾಕು, ನೆರಳನ್ನು ರಾ ಫೈಲಿನಿಂದ, ಅಂದರೆ ಕ್ಯಾಮೆರಾದ ಕಚ್ಚಾ ಫೈಲಿನಿಂದ ಎತ್ತಬಹುದು. ಸೂರ್ಯನೇ ಫ್ರೇಮಿನೊಳಗಿದ್ದರೆ ಮಾತ್ರ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಎಕ್ಸ್‌ಪೋಷರ್. ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಬ್ಯಾಗಿನಲ್ಲೇ ಇರಲಿ. ಆಕಾಶ ಗಾಢವಾಗುವುದು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ, ಅದರಿಂದ ಪನೋರಮಾದಲ್ಲಿ ನೀಲಿಯ ಒಂದು ಕಪ್ಪು ಪಟ್ಟಿ ಎದ್ದು ಕಾಣುತ್ತದೆ. ಅದನ್ನು ಸರಿಮಾಡುವ ಹೊತ್ತಿಗೆ ಸಾಕಾಗಿಹೋಗುತ್ತದೆ.

ತೆಗೆಯುವುದು ಮಾತ್ರ ಚಕಚಕನೆ ಆಗಬೇಕು. ಸೂರ್ಯ ಮುಳುಗುವ ಹೊತ್ತಿನಲ್ಲಿ ಇಡೀ ಸುತ್ತು ಒಂದು ನಿಮಿಷದೊಳಗೆ ಮುಗಿಯದಿದ್ದರೆ ಮೊದಲ ಫ್ರೇಮಿಗೂ ಕೊನೆಯದಕ್ಕೂ ಬೆಳಕು ಹೊಂದುವುದಿಲ್ಲ. ಶುರುವಿಗೆ ಮುಂಚೆ ಲೆನ್ಸಿನ ಮುಂದೆ ಕೈ ಹಿಡಿದು ಒಂದು ಫ್ರೇಮ್, ಮುಗಿದ ಮೇಲೆ ಇನ್ನೊಂದು. ಸಾವಿರ ಫೋಟೋಗಳ ನಡುವೆ ಸೆಟ್ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಹುಡುಕುವ ಗೋಳು ತಪ್ಪುತ್ತದೆ. ಅರ್ಧ ಸುತ್ತಿನ ನೋಟವಾದರೆ ಎರಡು ತುದಿಗೂ ಒಂದೊಂದು ಫ್ರೇಮ್ ಹೆಚ್ಚಿಗೆ. ಇಡೀ ಸೆಟ್ಟನ್ನು ಎರಡು ಸಲ ತೆಗೆಯುತ್ತೇನೆ. ಗಾಳಿಯಲ್ಲಿ ಟ್ರೈಪಾಡಿಗೆ ಬ್ಯಾಗ್ ನೇತುಹಾಕುವುದಿದ್ದರೆ ಅದರ ತಳ ನೆಲ ಮುಟ್ಟಿರಲಿ, ತೂಗಾಡುವ ಬ್ಯಾಗ್ ಟ್ರೈಪಾಡನ್ನೇ ಅಲ್ಲಾಡಿಸುತ್ತದೆ. ಚಳಿಯ ಜಾಗದಲ್ಲಿ ಬದಲಿ ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡು.

ನೀರು ಮತ್ತು ಜನ ಬೇರೆಯದೇ ಸಮಸ್ಯೆ. ಸಮುದ್ರದಂಡೆಯಲ್ಲಿ ಅಲೆಯ ನಡುವೆ ಹೊಲಿಗೆ ಬಿದ್ದರೆ ಅಲೆ ಅರ್ಧಕ್ಕೆ ತುಂಡಾಗಿರುತ್ತದೆ. ಆದ್ದರಿಂದ ಓವರ್‌ಲ್ಯಾಪ್ ಸಾಧ್ಯವಾದಷ್ಟು ಬಂಡೆ, ಮರಳಿನ ಮೇಲೆ ಬೀಳುವಂತೆ ಶುರುವಿನ ದಿಕ್ಕು ಆರಿಸಿಕೊಳ್ಳುತ್ತೇನೆ. ಅಲೆಯಿರುವ ಫ್ರೇಮನ್ನು ಅಲ್ಲೇ ನಿಂತು ಮೂರ್ನಾಲ್ಕು ಸಲ ಒತ್ತಿ, ಪಕ್ಕದ ಫ್ರೇಮಿಗೆ ಹೊಂದುವುದನ್ನು ಆಮೇಲೆ ಆರಿಸಿದರೆ ಆಯಿತು. ನಡೆದಾಡುವ ಜನ ಎರಡು ಫ್ರೇಮಿನಲ್ಲಿ ಬಂದರೆ ಒಂದರಲ್ಲಿ ಮಾಸ್ಕ್ ಹಾಕಿ ಅಳಿಸುತ್ತೇನೆ. ಪಿಟಿಗುಯಿ ಎಂಬ ಸ್ಟಿಚಿಂಗ್ ಪ್ರೋಗ್ರಾಂನಲ್ಲಿ ಕೆಂಪು ಬಳಿದದ್ದು ಮಾಯ, ಹಸಿರು ಬಳಿದದ್ದು ಉಳಿಯುತ್ತದೆ.

ಸ್ಟಿಚ್ ಮಾಡಲು ನಾನು ಹೆಚ್ಚಾಗಿ ಬಳಸುವುದು ಹುಗಿನ್ ಎಂಬ ಪ್ರೋಗ್ರಾಂ, ಪುಕ್ಕಟೆ ಸಿಗುತ್ತದೆ. ರಾ ಫೈಲುಗಳಲ್ಲಿ ಒಂದನ್ನು ಸರಿಮಾಡಿ, ಅದೇ ಸೆಟ್ಟಿಂಗನ್ನು ಉಳಿದೆಲ್ಲಕ್ಕೂ ಹಾಕಿ, ಅಂಚಿನಲ್ಲಿ ಕವಿಯುವ ಕತ್ತಲೆ ತೆಗೆದು 16 ಬಿಟ್ ಟಿಫ್ ಮಾಡಿ ಒಳಗೆ ಕೊಡಬೇಕು. ಎರಡು ಫ್ರೇಮುಗಳಲ್ಲೂ ಕಾಣುವ ಗುರುತುಗಳಾದ ಕಂಟ್ರೋಲ್ ಪಾಯಿಂಟ್‌ಗಳನ್ನು ಅದು ತಾನೇ ಹುಡುಕುತ್ತದೆ, ಆದರೆ ಮೋಡ, ಅಲೆ, ಎಲೆಗಳ ಮೇಲೂ ನಿಸ್ಸಂಕೋಚವಾಗಿ ಇಡುತ್ತದೆ. ಅವನ್ನು ಅಳಿಸಿ ಮತ್ತೆ ಆಪ್ಟಿಮೈಸ್ ಮಾಡಿದರೆ, ಅಂದರೆ ಜೋಡಣೆಯ ಲೆಕ್ಕ ಹಾಕಿಸಿದರೆ, ಅರ್ಧ ಕಾಯಿಲೆ ವಾಸಿ. ಬೊಲಿವಿಯಾದ ಉಯುನಿಯಂಥ ಉಪ್ಪುಬಯಲಿನ ಫ್ರೇಮುಗಳಲ್ಲಿ ಹಿಡಿದುಕೊಳ್ಳಲು ಗುರುತೇ ಇರುವುದಿಲ್ಲ, ಪಾಯಿಂಟ್ ಸಿಗುವುದಿಲ್ಲ. ಡಿಗ್ರಿ ಗುರುತಿರುವ ತಿರುಗುತಟ್ಟೆ ಬೆಲೆಬಾಳುವುದು ಇಂಥಲ್ಲಿ: ಯಾ (ಅಡ್ಡಡ್ಡ ತಿರುಗಿದ ಕೋನ) ಎನ್ನುವ ಅಂಕಣದಲ್ಲಿ 0, 36, 72 ಎಂದು ಕೈಯಾರೆ ತುಂಬಿದರೆ ಫ್ರೇಮುಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಪ್ರೊಜೆಕ್ಷನ್ (ಸುತ್ತಿನ ನೋಟವನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವ ವಿಧಾನ) ವಿಷಯದಲ್ಲಿ ನನ್ನದು ಸರಳ ನಿಯಮ. 100 ಡಿಗ್ರಿಯೊಳಗೆ ನೇರ ಗೆರೆಗಳನ್ನು ನೇರವಾಗೇ ಇಡುವ ರೆಕ್ಟಿಲೀನಿಯರ್, ಅದಕ್ಕಿಂತ ಅಗಲವಾದರೆ ಕೊಳವೆಗೆ ಸುತ್ತಿ ಬಿಡಿಸಿದಂತಿರುವ ಸಿಲಿಂಡ್ರಿಕಲ್. ರೆಕ್ಟಿಲೀನಿಯರ್ 120 ದಾಟಿದರೆ ಅಂಚಿನ ಬೆಟ್ಟಗಳು ಎಳೆದ ರಬ್ಬರಿನಂತಾಗುತ್ತವೆ. ಮೂರಕ್ಕೊಂದು ಅನುಪಾತದಲ್ಲಿ ಕತ್ತರಿಸಿದರೆ ಗೋಡೆಗೆ ಚೆನ್ನ. ಪೂರ್ತಿ ಸುತ್ತಿನ ಉದ್ದನೆ ಪಟ್ಟಿಯಲ್ಲಿ ಕಣ್ಣು ನಿಲ್ಲಲು ಜಾಗವೇ ಇರುವುದಿಲ್ಲ.

ಸೇವ್ ಮಾಡುವಾಗ ಗಾತ್ರ ನೋಡಿಕೊಳ್ಳಿ. 50 ಮಿ.ಮೀ.ನ ಪೂರ್ತಿ ಸುತ್ತು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಗಲಕ್ಕೆ 52,000 ಪಿಕ್ಸೆಲ್ ಮೀರುತ್ತದೆ. ಪಿಎಸ್‌ಡಿ (ಫೋಟೋಶಾಪ್‌ನ ಮಾಮೂಲಿ ಫೈಲ್) 30,000ಕ್ಕೇ ನಿಲ್ಲುತ್ತದೆ; ಅದರ ದೊಡ್ಡ ರೂಪವಾದ ಪಿಎಸ್‌ಬಿ ಅಥವಾ ಟಿಫ್ ಆಗಬೇಕು. ಹೊಲಿದ ಚಿತ್ರದ ಜೊತೆಗೆ ಮೂಲ ಫ್ರೇಮುಗಳನ್ನೂ ಹುಗಿನ್‌ನ ಪ್ರಾಜೆಕ್ಟ್ ಫೈಲನ್ನೂ ಒಂದೇ ಫೋಲ್ಡರಿನಲ್ಲಿ ಇಡುತ್ತೇನೆ, ಬೇರೆ ಪ್ರೊಜೆಕ್ಷನ್ ಬೇಕೆನಿಸಿದಾಗ ಪಾಯಿಂಟ್‌ಗಳನ್ನು ಮತ್ತೆ ಹುಡುಕಿಸುವ ಕೆಲಸವಿರುವುದಿಲ್ಲ.