14 ರೆಕಾರ್ಡಿಂಗ್, ಎರಡೆರಡು ನಿಮಿಷ

ಪಿಎಚ್‌ಡಿಗಾಗಿ ನಾನು 14 ಜನರನ್ನು ಮಾತಾಡಿಸಿದ್ದೆ. ಅರ್ಧಕ್ಕೇ ಶಾಲೆ ಬಿಟ್ಟವರು ಅವರೆಲ್ಲ. ಒಂದೊಂದು ರೆಕಾರ್ಡಿಂಗೂ ಹೆಚ್ಚುಕಡಿಮೆ ಒಂದು ಗಂಟೆ. ಮಾತಾಡಿಸುವಾಗ ಕಷ್ಟ ಅನಿಸಲಿಲ್ಲ. ಆಮೇಲೆ ಅದನ್ನೆಲ್ಲ ಕೇಳಿ, ಮಾತಿಗೆ ಮಾತು ಬರೆದುಕೊಳ್ಳಬೇಕಿತ್ತಲ್ಲ, ಅಲ್ಲಿ ನಿಂತುಬಿಟ್ಟೆ. ಐದು ತಿಂಗಳಲ್ಲಿ ಒಂದು ಸಾಲೂ ಬರೆಯಲಿಲ್ಲ.

ಹಾಗಂತ ಸುಮ್ನೆ ಕೂತಿರಲಿಲ್ಲ. ಓದುತ್ತಿದ್ದೆ, ಕಪಾಟು ಜೋಡಿಸುತ್ತಿದ್ದೆ, ಯಾರು ಕರೆದರೂ ಅವರ ಕೆಲಸಕ್ಕೆ ಹೋಗುತ್ತಿದ್ದೆ. ಡೈರಿಯಲ್ಲಿ ಮಾತ್ರ ‘ಸಂದರ್ಶನ ಬರೆದು ಮುಗಿಸಬೇಕು’ ಅನ್ನೋ ಸಾಲು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುತ್ತಲೇ ಇತ್ತು. ಗೈಡ್ ಫೋನ್ ಬಂದರೆ ಎದೆ ಧಸಕ್ ಅನ್ನುತ್ತಿತ್ತು. “ನಡೀತಾ ಇದೆ ಮೇಡಂ” ಅನ್ನುತ್ತಿದ್ದೆ. ಆ ಸುಳ್ಳು ಹೇಳಿದ ದಿನ ನಿದ್ದೆ ಬರುತ್ತಿರಲಿಲ್ಲ.

ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದುಕೋ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಒಡೆದೆ. ಎರಡು ಸಂಜೆ ಕೂತು 86 ಸಾಲಿನ ಪಟ್ಟಿ ಮಾಡಿದೆ. ಮಾಡಿ ಮುಗಿಸಿದಾಗ ಅರ್ಧ ಕೆಲಸ ಆದಷ್ಟು ಸಮಾಧಾನ. ಮಾರನೇ ದಿನ ನೋಡಿದರೆ ಕೈ ಮತ್ತೆ ಓಡಲಿಲ್ಲ. ಪಟ್ಟಿಯಲ್ಲಿ ಇದ್ದದ್ದು ‘ಸಂದರ್ಶನ 1, ಮೊದಲ ಭಾಗ’, ‘ಸಂದರ್ಶನ 1, ಎರಡನೇ ಭಾಗ’ ಅಂತ. ಕೆಲಸ ಚಿಕ್ಕದಾಗಿತ್ತು, ಸರಿ. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಕೈ ಮೊದಲು ಎಲ್ಲಿಗೆ ಹೋಗಬೇಕು ಅಂತ ಅದರಲ್ಲಿ ಇರಲಿಲ್ಲ.

ಆ ಪಟ್ಟಿ ಪಕ್ಕಕ್ಕಿಟ್ಟು ಒಂದೇ ಒಂದು ಚೀಟಿ ಬರೆದೆ: ‘ಹೆಡ್‌ಫೋನ್ ಹಾಕು. 1ನೇ ಫೈಲ್ ತೆರೆ. ಎರಡು ನಿಮಿಷದ ಮಾತು ಬರೆ.’ ಅಷ್ಟೇ. ಗಡಿಯಾರ ನೋಡಿಕೊಂಡು ಬರೆದೆ. ಎರಡು ನಿಮಿಷದ ಮಾತಿಗೆ 12 ನಿಮಿಷ ಬೇಕಾಯಿತು. ಅವತ್ತೇ ಲೆಕ್ಕ ಹಾಕಿದೆ. 14 ಗಂಟೆ ಮಾತಿಗೆ 84 ಗಂಟೆ ಕೆಲಸ. ಅಲ್ಲಿಯವರೆಗೆ ಒಂದು ಗಂಟೆ ಮಾತಿಗೆ ಎರಡು ಗಂಟೆ ಸಾಕು ಅಂದುಕೊಂಡಿದ್ದೆ. ನಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ನಾವು ಕಡಿಮೆಯೇ ಅಂದಾಜು ಮಾಡುತ್ತೇವೆ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದರು. ನಾನು ಅದನ್ನು ಓದಿದ್ದೆ, ಆದರೂ ಗಡಿಯಾರ ನೋಡಿದ ಮೇಲೇ ನಂಬಿದ್ದು. 84 ಗಂಟೆ ದೊಡ್ಡದೇ. ಆದರೆ ಅದಕ್ಕೊಂದು ಕೊನೆ ಇದೆ ಅಲ್ವಾ? ಐದು ತಿಂಗಳು ನನ್ನನ್ನು ಹೆದರಿಸಿದ ಕೆಲಸಕ್ಕೆ ಕೊನೆಯೇ ಕಾಣುತ್ತಿರಲಿಲ್ಲ.

ಯಾವಾಗ ಕೂರಬೇಕು ಅನ್ನೋದನ್ನೂ ಒಂದು ಕಡೆ ಕಟ್ಟಿಹಾಕಿದೆ: ಸಂಜೆ ಮನೆಗೆ ಬಂದು ಮುಖ ತೊಳೆದ ತಕ್ಷಣ ಹೆಡ್‌ಫೋನ್. ‘ಇದಾದ ಕೂಡಲೇ ಅದು’ ಅಂತ ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ಶುರುವಾಗುವುದು ಸುಲಭ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದಿದ್ದಾರೆ. ನನ್ನ ಮಟ್ಟಿಗೆ ಇದು ನಿಜವಾಯಿತು. ಟೈಮರ್ ಇಟ್ಟು 25 ನಿಮಿಷ ಕೂರುವ ಪೊಮೊಡೊರೊ ಪದ್ಧತಿ ಮಾತ್ರ ಹಿಡಿಸಲಿಲ್ಲ. ಶುರುವಿನ ದಿನಗಳಲ್ಲಿ 25 ಅನ್ನೋ ಸಂಖ್ಯೆಯೇ ಭಾರ ಅನಿಸಿತು. 12 ನಿಮಿಷಕ್ಕೆ ಮನಸ್ಸು ತಕರಾರು ಮಾಡುತ್ತಿರಲಿಲ್ಲ. ಬರಬರುತ್ತಾ ಒಂದು ಸಲ ಕೂತರೆ ಮೂರ್ನಾಲ್ಕು ಚೀಟಿ ಮುಗಿಯತೊಡಗಿದವು.

ಏಳುವ ಮುಂಚೆ ಮಾರನೇ ದಿನದ ಚೀಟಿ ಬರೆದು ಲ್ಯಾಪ್‌ಟಾಪ್ ಮೇಲೆ ಅಂಟಿಸುತ್ತಿದ್ದೆ. ‘4ನೇ ಫೈಲ್, 14 ನಿಮಿಷ 20 ಸೆಕೆಂಡ್. “ಆಮೇಲೆ ನಾವು” ಅಂತ ಶುರು.’ ಇಷ್ಟು ಬರೆದಿಟ್ಟರೆ ಮಾರನೇ ದಿನ ಯೋಚನೆ ಮಾಡುವ ಕೆಲಸವೇ ಇಲ್ಲ. ನಾನು ಕಲಿತದ್ದರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಐದು ಫೈಲ್ ಹೀಗೇ ಮುಗಿದವು. ಆರನೆಯದಕ್ಕೆ ಬಂದಾಗ ಮತ್ತೆ ನಿಂತೆ. ಒಂದು ವಾರ ಪೂರ್ತಿ. ಆದರೆ ಈ ಸಲ ಒಂದು ವ್ಯತ್ಯಾಸ ಇತ್ತು. ಚೀಟಿಯಲ್ಲಿ ‘6ನೇ ಫೈಲ್, 30ನೇ ನಿಮಿಷ’ ಅಂತ ಬರೆದಿತ್ತು. ಹಾಗಾಗಿ ನನಗೆ ಇಡೀ ಪಿಎಚ್‌ಡಿ ಬೇಡವಾಗಿಲ್ಲ, ಈ 30ನೇ ನಿಮಿಷ ಬೇಡವಾಗಿದೆ ಅಂತ ಕಣ್ಣಿಗೇ ಕಂಡಿತು.

ಯಾಕೆ ಅಂತ ಗೊತ್ತಿತ್ತು. ಆ ಫೈಲ್‌ನಲ್ಲಿ ಒಬ್ಬ ಹಿರಿಯ ಹೆಂಗಸು ತಾವು ಶಾಲೆ ಬಿಟ್ಟ ದಿನದ ಬಗ್ಗೆ ಹೇಳುತ್ತಿದ್ದರು. “ಅವತ್ತು ನಮ್ಮಪ್ಪ ನನ್ನ ಚೀಲ ತಗೊಂಡು...” ಅನ್ನುವಷ್ಟರಲ್ಲಿ ನಾನು ಮಧ್ಯೆ ಬಾಯಿ ಹಾಕಿ, “ಆಗ ಎಷ್ಟನೇ ಕ್ಲಾಸಲ್ಲಿದ್ರಿ?” ಅಂದಿದ್ದೆ. ನನ್ನ ಆ ದನಿಯನ್ನು ಮತ್ತೆ ಕೇಳೋಕೆ ನನಗೆ ಧೈರ್ಯ ಇರಲಿಲ್ಲ. ಕೆಲಸ ಮುಂದೆ ಹಾಕುವಾಗ ನಾವು ತಪ್ಪಿಸಿಕೊಳ್ಳುವುದು ಆ ಕೆಲಸ ತರುವ ಬೇಸರದ ಭಾವನೆಯಿಂದ ಅಂತ ಮನಶ್ಶಾಸ್ತ್ರಜ್ಞರಾದ ಸಿರೋಯಿ ಮತ್ತು ಪಿಚಿಲ್ 2013ರಲ್ಲಿ ವಾದಿಸಿದ್ದಾರೆ. ನನ್ನದು ಸೋಮಾರಿತನ ಅಂತ ಐದು ತಿಂಗಳು ನನ್ನನ್ನೇ ಬೈದುಕೊಂಡಿದ್ದೆ. ಬೈದುಕೊಂಡಷ್ಟೂ ಆ ಫೈಲ್ ದೂರ ಹೋಗುತ್ತಿತ್ತು.

ಆ ಒಂದು ನಿಮಿಷವನ್ನೂ ಒಡೆದೆ. ಮೊದಲ ದಿನ ಫೈಲ್ ತೆರೆದು 30ನೇ ನಿಮಿಷಕ್ಕೆ ತಂದು ನಿಲ್ಲಿಸಿದೆ, ಕೇಳಲಿಲ್ಲ. ಎರಡನೇ ದಿನ ಕೇಳಿದೆ, ಬರೆಯಲಿಲ್ಲ. ಮೂರನೇ ದಿನ ಬರೆದೆ. ನನ್ನ ಪ್ರಶ್ನೆ ಆದ ಮೇಲೆ ಅವರು ತಕ್ಷಣ ಉತ್ತರ ಕೊಟ್ಟಿರಲಿಲ್ಲ. ‘ಮೌನ, 4 ಸೆಕೆಂಡ್’ ಅಂತ ಬರೆದೆ. ಆಮೇಲೆ ಅವರು ಮೆಲ್ಲಗೆ, “ಐದನೇ ಕ್ಲಾಸು” ಅಂದಿದ್ದರು.

ಮಾರನೇ ದಿನದ ಚೀಟಿಯಲ್ಲಿ ‘ಅವರಿಗೆ ಫೋನ್ ಮಾಡು’ ಅಂತ ಇತ್ತು.

“ಅಮ್ಮ, ಅವತ್ತು ಚೀಲದ ವಿಷಯ ಹೇಳ್ತಾ ಇದ್ರಿ. ನಾನು ಮಧ್ಯೆ ತಡೆದುಬಿಟ್ಟೆ. ಈಗ ಹೇಳ್ತೀರಾ?”

“ಅದನ್ನ ನೆನಪಿಟ್ಕೊಂಡಿದೀಯಾ?” ಅಂದರು. ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದೆ, ಮಾಡ್ಕೋ ಅಂದರು. 40 ನಿಮಿಷ ಮಾತಾಡಿದರು. ನಾನು ಒಂದು ಸಲವೂ ಮಧ್ಯೆ ಮಾತಾಡಲಿಲ್ಲ.

14 ಇದ್ದ ಫೈಲ್ 15 ಆಯಿತು. ಅವತ್ತು ರಾತ್ರಿಯೇ ಹೆಡ್‌ಫೋನ್ ಹಾಕಿಕೊಂಡು ಅದರ ಮೊದಲ ಎರಡು ನಿಮಿಷ ಬರೆದೆ.